ಕಾಯುವುದೂ ಕೆಲಸವೇ



ಕಳೆದ ತಿಂಗಳು ನನ್ನ ನಾಲ್ವರು ಹಳೆಯ ವಿದ್ಯಾರ್ಥಿಗಳು ನಮ್ಮನ್ನು ನೋಡಲೆಂದು ಹುಣಸಗಿಗೆ ಬಂದಿದ್ದರು. ಒಳಗೆ ಬಂದು ಕುಳಿತವರು ಪ್ರೀತಿಯಿಂದಲೇ ಕೇಳಿದರು: "ಅಮ್ಮಾರು ಹ್ಯಾಂಗದಾರ್ರಿ ಸರ್?" ಕೇಳಿದ್ದು ನನ್ನನ್ನು. ಅಮ್ಮಾರು ಅವರೆದುರಿಗೇ ಕುರ್ಚಿಯಲ್ಲಿ ಕುಳಿತಿದ್ದಳು. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ. ಆದರೆ ಮಾತು ಹೊರಬರುವಷ್ಟರಲ್ಲಿ ನಾನೇ ಉತ್ತರ ಹೇಳಿ ಮುಗಿಸಿದ್ದೆ. ಹೊರಡುವಾಗ ಅವರಲ್ಲೊಬ್ಬ, "ನಿಮ್ಮಂಗ ಸೇವಾ ಮಾಡೋರು ಈ ಕಾಲದಾಗ ಯಾರಿದ್ದಾರ್ರಿ ಸರ್" ಎಂದು ಕಾಲಿಗೆ ನಮಸ್ಕರಿಸಿದ. ನನಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು.

ರಾತ್ರಿ ಮಲಗುವ ಮುನ್ನ ಅವಳು ತನ್ನ ಸಣ್ಣ ದನಿಯಲ್ಲಿ, ಒಂದೊಂದೇ ಪದವನ್ನು ಎತ್ತಿಡುತ್ತ ಹೇಳಿದಳು: "ಹುಡುಗರು ಕೇಳಿದ್ದಕ್ಕ ನಾ ಹೇಳಲಿಕ್ಕತ್ತಿದ್ದೆ. ನೀವು ಬಿಡಲಿಲ್ಲ."

ಈ ಬರಹ ಆ ಮಾತಿನಿಂದ ಹುಟ್ಟಿದ್ದು.

ನಿಮ್ಮಲ್ಲಿ ಹಲವರಿಗೆ ತಿಳಿದಿರುವಂತೆ ನನ್ನ ಹೆಂಡತಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಖಚಿತವಾದದ್ದು 2014ರ ಬೇಸಿಗೆಯಲ್ಲಿ. ಆದರೆ ಅದು ನಮ್ಮ ಮನೆಗೆ ಬಂದದ್ದು ಅದಕ್ಕೂ ಮೊದಲೇ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಕೈಯಿಂದ ಬಡಿಯುತ್ತಾರೆ. ಬೆಳಗಿನ ಆರು ಗಂಟೆಗೆ ಓಣಿಯ ತುಂಬ ಅದೇ ಸಪ್ಪಳ. ಅವಳ ಬಡಿತಕ್ಕೆ ಒಂದು ಲಯವಿತ್ತು, ನಾನು ಅದನ್ನು ಕೇಳುತ್ತಲೇ ಪಾಠದ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ. 2013ರ ಚಳಿಗಾಲದ ಹೊತ್ತಿಗೆ ಆ ಲಯ ತಪ್ಪತೊಡಗಿತ್ತು. ನಾನು ಅದನ್ನು ಗಮನಿಸಲಿಲ್ಲ. ಗಮನಿಸಿದ್ದು ತಟ್ಟೆಯಲ್ಲಿ: "ಯಾಕ, ರೊಟ್ಟಿ ಒಂದು ಕಡೆ ದಪ್ಪ ಆಗ್ಯಾವಲ್ಲ?" ಎಂದು ಊಟದ ನಡುವೆ ಆಕ್ಷೇಪಿಸಿದ್ದು ನೆನಪಾದರೆ ಇಂದಿಗೂ ತಲೆ ತಗ್ಗುತ್ತದೆ. ಹಾಲು ತಳ ಹಿಡಿದು ಪಡಸಾಲೆಯವರೆಗೂ ವಾಸನೆ ಬಂದರೂ ಒಲೆಯ ಮುಂದೆ ನಿಂತವಳಿಗೆ ತಿಳಿಯುತ್ತಿರಲಿಲ್ಲ. ವಾಸನೆ ಹಿಡಿಯುವ ಶಕ್ತಿ ಕುಂದುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಇವೆಲ್ಲ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳಬಹುದೆಂದು ಆಮೇಲೆ ತಿಳಿಯಿತು. ಬಲಭುಜ ಹಿಡಿದುಕೊಂಡಿದೆಯೆಂದು ಎಂಟು ತಿಂಗಳು ಭುಜಕ್ಕೇ ಔಷಧ ನಡೆಯಿತು. ಕೊನೆಗೆ ಕಲಬುರಗಿಯ ನರರೋಗ ತಜ್ಞರೊಬ್ಬರು ಹೆಬ್ಬೆರಳು ತೋರುಬೆರಳನ್ನು ಬೇಗ ಬೇಗ ತಟ್ಟಿಸಿ, ನಾಲ್ಕು ಹೆಜ್ಜೆ ನಡೆಸಿ, ಹಾಳೆಯ ಮೇಲೆ ಹೆಸರು ಬರೆಸಿ ನೋಡಿ ಕಾಯಿಲೆಯ ಹೆಸರು ಹೇಳಿದರು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಮಂದಿ ರೋಗಿಗಳನ್ನು ಆಧರಿಸಿ ಈ ಕಾಯಿಲೆಯನ್ನು ವರ್ಣಿಸಿದ. ಅವರಲ್ಲಿ ಕೆಲವರನ್ನು ಆತ ಕಂಡದ್ದು ಬೀದಿಯಲ್ಲಿ ಮಾತ್ರ. ನಮ್ಮ ಆಯುರ್ವೇದದವರು ಇದನ್ನು ಕಂಪವಾತವೆನ್ನುತ್ತಾರೆ. ಮಿದುಳಿನೊಳಗೆ ಡೋಪಮೈನ್ ಎಂಬ ದ್ರವ್ಯವನ್ನು ತಯಾರಿಸುವ ಕೋಶಗಳು ಒಂದೊಂದಾಗಿ ನಶಿಸುತ್ತವೆ. ಕೈಗೆ "ಏಳು" ಎಂದು ಮನಸ್ಸು ಹೇಳುತ್ತದೆ, ಕೈ ಅದನ್ನು ತಡವಾಗಿ ಕೇಳಿಸಿಕೊಳ್ಳುತ್ತದೆ. ನಡುಕವೇ ಈ ಕಾಯಿಲೆಯೆಂದು ಜನ ತಿಳಿದಿದ್ದಾರೆ. ಮನೆಯಲ್ಲಿ ಇರುವವರಿಗೆ ಗೊತ್ತು, ನಡುಕ ಅದರಲ್ಲಿ ಸಣ್ಣದು. ದೊಡ್ಡದು ನಿಧಾನ.

ಈ ನಿಧಾನವನ್ನು ನಾನು ಏಳೆಂಟು ವರ್ಷ ತಪ್ಪಾಗಿಯೇ ಎದುರಿಸಿದೆ. ಮೇಷ್ಟರ ಬದುಕು ಗಂಟೆಯ ಬದುಕು. ನಲವತ್ತು ನಿಮಿಷಕ್ಕೆ ಒಂದು ಅವಧಿ ಮುಗಿಯಲೇಬೇಕು. ಅವಳು ಕುಪ್ಪಸದ ಗುಂಡಿಗೆ ಹೆಣಗುತ್ತಿದ್ದರೆ ನಾನು ಹೋಗಿ ಹಾಕಿಬಿಡುತ್ತಿದ್ದೆ. ತುತ್ತು ಎತ್ತುವುದು ತಡವಾದರೆ ನಾನೇ ಉಣಿಸುತ್ತಿದ್ದೆ. ವಾಕ್ಯ ನಡುವೆ ನಿಂತರೆ ನಾನೇ ಪೂರ್ತಿ ಮಾಡುತ್ತಿದ್ದೆ, ಅದೂ ಅನೇಕ ಸಲ ಅವಳು ಹೇಳಬೇಕೆಂದಿದ್ದುದಕ್ಕೆ ವಿರುದ್ಧವಾಗಿ. ಇದನ್ನೆಲ್ಲ ನೋಡಿದವರು ಸೇವೆಯೆಂದರು. ನಾನೂ ಹಾಗೆಯೇ ತಿಳಿದೆ. ನಿಜದಲ್ಲಿ ನಾನು ನನ್ನ ಅವಸರಕ್ಕೆ ಸೇವೆಯ ಹೆಸರು ಕೊಟ್ಟಿದ್ದೆ.

2019ರ ನವೆಂಬರಿನ ಒಂದು ಬೆಳಗು. ತಾಳಿಕೋಟೆಯಲ್ಲಿ ಬಂಧುಗಳ ಮದುವೆ. ಬಸ್ಸಿನ ಹೊತ್ತಾಗಿತ್ತು. ಹೊಸ್ತಿಲ ಬಳಿ ಬಂದವಳೇ ನಿಂತುಬಿಟ್ಟಳು. ಈ ಕಾಯಿಲೆಯಲ್ಲಿ ಹಾಗಾಗುವುದುಂಟು. ಬಾಗಿಲು, ಇಕ್ಕಟ್ಟಾದ ಜಾಗ, ತಿರುವು ಬಂದರೆ ಪಾದಗಳು ನೆಲಕ್ಕೆ ಅಂಟಿದಂತಾಗುತ್ತವೆ. "ನಡಿ, ಬಸ್ ಹೋಗ್ತದ" ಎಂದು ನಾನು ಕೈ ಹಿಡಿದು ಎಳೆದೆ. ಮೈ ಮುಂದೆ ಬಂತು, ಪಾದ ಬರಲಿಲ್ಲ. ಅಂಗಳಕ್ಕೆ ಬಿದ್ದಳು, ಎಡಗೈಯ ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರ್. ಮೊದಲೇ ಬಲಗೈ ಸರಿಯಿಲ್ಲದವಳ ಎಡಗೈಯನ್ನೂ ನಾನು ಕಸಿದುಕೊಂಡೆ. ಆ ದಿನ ಬಸ್ಸು ಅರ್ಧ ಗಂಟೆ ತಡವಾಗಿ ಬಂತೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. "ಕಾಲು ಜಾರಿತು" ಎಂದು ಅವಳು ಎಲ್ಲರಿಗೂ ಹೇಳಿದಳು. ಮಕ್ಕಳಿಗೂ ಹಾಗೆಯೇ ಹೇಳಿದಳು. ನಾನು ಸುಮ್ಮನಿದ್ದೆ. ಇಂದು ಇಲ್ಲಿ ಬರೆದಿದ್ದೇನೆ.

ಮರುವರ್ಷ ಬೆಂಗಳೂರಿನ ನಿಮ್ಹಾನ್ಸಿಗೆ ಹೋದಾಗ ಅಲ್ಲಿನ ಫಿಸಿಯೋಥೆರಪಿಯ ಹೆಣ್ಣುಮಗಳೊಬ್ಬಳು ನನಗೆ ಪಾಠ ಹೇಳಿದಳು. ನನ್ನ ಮಗಳಿಗಿಂತ ಚಿಕ್ಕವಳು. "ಎಳೆಯಬೇಡಿ, ದೂಡಬೇಡಿ, ನಡಿ ನಡಿ ಎನ್ನಬೇಡಿ. ನಿಂತಾಗ ನೀವೂ ನಿಲ್ಲಿ. ಆಮೇಲೆ ಎದುರಿಗೆ ದಾಟಲು ಒಂದು ಗೆರೆ ಕೊಡಿ, ಇಲ್ಲವೇ ಒಂದು ಎರಡು ಎಂದು ತಾಳ ಕೊಡಿ." ತಾನಾಗಿ ನಡೆಯುವ ದಾರಿ ಮಿದುಳಿನಲ್ಲಿ ಮುಚ್ಚಿದರೂ, ಕಣ್ಣಿಗೆ ಕಾಣುವ ಗುರುತನ್ನು ದಾಟುವ ದಾರಿ ಇನ್ನೂ ತೆರೆದಿರುತ್ತದೆಯಂತೆ. ಊರಿಗೆ ಬಂದು ಸೀಮೆಸುಣ್ಣದಿಂದ ಹಾಸಿಗೆಯಿಂದ ಬಚ್ಚಲಿನವರೆಗೆ ಹೆಜ್ಜೆಗೊಂದರಂತೆ ಅಡ್ಡಗೆರೆ ಎಳೆದೆ. ಜೀವನವಿಡೀ ಎಳೆದ ಗೆರೆಗಳಲ್ಲಿ ಇವುಗಳಷ್ಟು ಉಪಯೋಗಕ್ಕೆ ಬಂದವು ಬೇರೆ ಇರಲಾರವು. ನೆಲ ಒರೆಸಿದಾಗಲೆಲ್ಲ ಅಳಿಸುತ್ತಿದ್ದುದರಿಂದ ಈಗ ಕೆಂಪು ಬಣ್ಣದಲ್ಲಿ ಬಳಿಸಿದ್ದೇನೆ. ಮೊದಲ ದಿನ ಅವಳು ಗೆರೆ ದಾಟುತ್ತ, "ಕುಂಟಾಬಿಲ್ಲೆ ಆಡಿಸ್ತೀರೇನು ಮುದುಕಿಗೆ" ಎಂದು ನಕ್ಕಳು. ಕಾಯಿಲೆ ಅವಳ ಮುಖದ ಸ್ನಾಯುಗಳನ್ನೂ ಬಿಗಿದಿರುವುದರಿಂದ ನಗು ಮುಖದಲ್ಲಿ ಕಾಣುವುದು ಕಡಿಮೆ, ದನಿಯಲ್ಲಿ ಹುಡುಕಬೇಕು. ಅಮ್ಮಾರು ಸಿಟ್ಟಾಗಿದ್ದಾರೆಂದು ನೀವು ತಿಳಿದುಕೊಂಡು ಹೋಗುತ್ತೀರಲ್ಲ, ಅದು ಸಿಟ್ಟಲ್ಲ.

ಕನ್ನಡದಲ್ಲಿ ಕಾಯುವುದೆಂದರೆ ದಾರಿ ನೋಡುವುದೂ ಹೌದು, ರಕ್ಷಿಸುವುದೂ ಹೌದು. ಬಸ್ಸಿಗೂ ಕಾಯುತ್ತೇವೆ, ಹೊಲವನ್ನೂ ಕಾಯುತ್ತೇವೆ. ಮೂರು ದಶಕ ಕನ್ನಡ ಕಲಿಸಿದ ನನಗೆ ಈ ಎರಡು ಅರ್ಥಗಳು ಒಂದೇ ಕೆಲಸವಾಗಬಹುದೆಂದು ಹೊಳೆದದ್ದು ಅರವತ್ತು ದಾಟಿದ ಮೇಲೆ. ನನ್ನ ಅಭಿಪ್ರಾಯವಿಷ್ಟೇ: ಇಂಥ ರೋಗಿಯ ಜೊತೆ ಬಾಳುವವನು ಮೊದಲು ಕಲಿಯಬೇಕಾದದ್ದು ಮಾಡಿಕೊಡುವುದನ್ನಲ್ಲ, ಮಾಡಿಕೊಳ್ಳಲು ಬಿಟ್ಟು ಪಕ್ಕದಲ್ಲಿ ನಿಲ್ಲುವುದನ್ನು. ಅದು ಮಾಡಿಕೊಡುವುದಕ್ಕಿಂತ ಬಹಳ ಕಷ್ಟ.

ಹಾಗೆಂದು ಎಲ್ಲವನ್ನೂ ಬಿಟ್ಟು ಕೂಡಲಾಗದು. ಗುಳಿಗೆಯ ವಿಷಯದಲ್ಲಿ ನಾನು ಹೆಡ್‌ಮಾಸ್ತರನೇ. ಲೆವೊಡೋಪ ಬೆಳಿಗ್ಗೆ ಆರಕ್ಕೆ, ಹತ್ತಕ್ಕೆ, ಎರಡಕ್ಕೆ, ಸಂಜೆ ಆರಕ್ಕೆ. ಅಡುಗೆಮನೆಯ ಗೋಡೆಯ ಮೇಲೆ ವೇಳಾಪಟ್ಟಿ ತೂಗುಹಾಕಿದ್ದೇನೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡಬೇಕು. ಬೇಳೆ, ಹಾಲು, ಮೊಟ್ಟೆಯಂಥ ಸಸಾರಜನಕದ ಆಹಾರ ಹೊಟ್ಟೆಯಲ್ಲಿದ್ದರೆ ಔಷಧ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಇದು ತಿಳಿಯದೆ ಎರಡು ವರ್ಷ ಹಾಲಿನೊಡನೆ ಗುಳಿಗೆ ಕೊಟ್ಟು, "ಔಷಧ ಹಿಡಿಯುತ್ತಿಲ್ಲ" ಎಂದು ಗೊಣಗಿದ್ದೆ. ಕಾಯಿಲೆ ಮುಂದುವರಿದಂತೆ ಗುಳಿಗೆ ಹಿಡಿದ ಹೊತ್ತು, ಇಳಿದ ಹೊತ್ತು ಎಂದು ದಿನವೇ ಎರಡಾಗುತ್ತದೆ. ಹನ್ನೊಂದಕ್ಕೆ ತಾನೇ ಎದ್ದು ತುಳಸಿಗೆ ನೀರು ಹಾಕುವವಳು ಒಂದೂವರೆಗೆ ಮಗ್ಗುಲು ಬದಲಿಸಲಾರಳು. ನೋಡಿದವರು "ಆಗ ಅರಾಮ ಇದ್ರಲ್ಲ" ಎನ್ನುತ್ತಾರೆ, ಸೋಗು ಹಾಕುತ್ತಾಳೇನೋ ಎಂಬಂತೆ. ಸೋಗಲ್ಲ ಅದು.

ಬಂಧುಗಳು ಹಲವರು ನಸುಗುನ್ನಿ ಬೀಜದ ಪುಡಿ ಕೊಡಿರೆಂದು ಹೇಳುತ್ತಾರೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಗುಳಿಗೆಯಲ್ಲಿರುವ ಅದೇ ಲೆವೊಡೋಪವನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಸಂಶೋಧಕರು ನಸುಗುನ್ನಿ ಬೀಜದಿಂದಲೇ ಬೇರ್ಪಡಿಸಿದ್ದರು. ಅದಕ್ಕಾಗಿಯೇ ಎಚ್ಚರ ಬೇಕು. ಗುಳಿಗೆಯ ಜೊತೆಗೆ ಪುಡಿಯೂ ಸೇರಿದರೆ ಒಂದೇ ಔಷಧವನ್ನು ಅಳತೆಯಿಲ್ಲದೆ ಎರಡು ಸಲ ಕೊಟ್ಟಂತೆ. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವುದಂತೂ ಜೀವಕ್ಕೇ ಅಪಾಯ. ವೈದ್ಯರನ್ನು ಕೇಳದೆ ಎರಡನ್ನೂ ಮಾಡಬೇಡಿರಿ.

ಈಚಿನ ಎರಡು ವರ್ಷಗಳಿಂದ ಮುಸ್ಸಂಜೆ ಹೊತ್ತಿಗೆ ಅಂಗಳದಲ್ಲಿ ಅವಳಿಗೆ ಮಕ್ಕಳು ಕಾಣುತ್ತಾರೆ. "ಒಳಗ ಕರೀರಿ, ಮಂಜು ಬೀಳ್ತದ" ಎನ್ನುತ್ತಾಳೆ. ಮೊದಮೊದಲು ತರಗತಿಯಲ್ಲಿ ತಪ್ಪು ತಿದ್ದಿದಂತೆ "ಯಾರೂ ಇಲ್ಲ" ಎಂದು ವಾದಿಸುತ್ತಿದ್ದೆ. ವೈದ್ಯರಿಗೆ ತಿಳಿಸಿದ ಮೇಲೆ ಒಂದು ಔಷಧ ಕಡಿಮೆ ಮಾಡಿದರು, ಮಕ್ಕಳೂ ಕಡಿಮೆಯಾದರು. ಉಳಿದವರಿಗಾಗಿ ನಾನು ಎದ್ದು ದೀಪ ಹಾಕಿ ಬರುತ್ತೇನೆ. ಅಷ್ಟಕ್ಕೆ ಅವಳಿಗೆ ಸಮಾಧಾನ.

ಕಾಯಲು ಒಲ್ಲದ ಲೋಕ ಹೇಗಿರುತ್ತದೆಂಬುದಕ್ಕೆ ಒಂದು ಪ್ರಸಂಗ ನೆನಪಾಗುತ್ತದೆ. ಹಿಂದೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರಿನಲ್ಲಿ ಬಂಧಿಸಲಾಯಿತು. ವಯಸ್ಸು ಎಂಬತ್ತು ದಾಟಿತ್ತು, ಪಾರ್ಕಿನ್ಸನ್ ಇತ್ತು. ಕೈ ನಡುಗಿ ಲೋಟ ಹಿಡಿಯಲಾಗದೆಂದು ಹೀರುಗೊಳವೆ, ಸಿಪ್ಪರ್ ಕೇಳಿ ನ್ಯಾಯಾಲಯಕ್ಕೆ ಹೋದರು. ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕೇಳಿತು. 2021ರ ಜುಲೈ 5ರಂದು ಅವರು ತೀರಿಕೊಂಡರು. ಆ ಮೊಕದ್ದಮೆಯ ಸರಿತಪ್ಪುಗಳ ಚರ್ಚೆ ಇಲ್ಲಿ ಬೇಡ. ಪತ್ರಿಕೆಯಲ್ಲಿ ಅದನ್ನು ಓದಿ ನಾನು ಸಿಟ್ಟಿನಿಂದ ಅವಳಿಗೆ ವಿವರಿಸಿದೆ. ಅವಳು ತನ್ನ ಮುಂದಿದ್ದ ಸ್ಟೀಲ್ ಲೋಟದ ಕಡೆ ಕಣ್ಣು ತಿರುಗಿಸಿದಳು. ತಿಂಗಳುಗಳಿಂದ ನಾನೇ ನೀರು ಕುಡಿಸುತ್ತಿದ್ದೆ, ಒಂದು ಸಿಪ್ಪರ್ ತರಬೇಕೆಂದು ನನಗೂ ತೋಚಿರಲಿಲ್ಲ. ಮರುದಿನ ಸುರಪುರದಿಂದ ತಂದೆ.

ಇನ್ನು ಹೊಗಳಿಕೆಯ ಮಾತು. ನಮ್ಮ ಓಣಿಯಲ್ಲೇ ಒಬ್ಬ ತಾಯಿ ಲಕ್ವ ಹೊಡೆದ ಗಂಡನನ್ನು ಹನ್ನೊಂದು ವರ್ಷ ನೋಡಿಕೊಂಡರು. ಯಾರೂ ಅವರ ಕಾಲಿಗೆ ಬೀಳಲಿಲ್ಲ. ಹೆಂಗಸು ಮಾಡಿದರೆ ಅದು ಮನೆಗೆಲಸ, ಗಂಡಸು ಮಾಡಿದರೆ ತಪಸ್ಸು. ನನ್ನನ್ನು ಹೊಗಳುವ ಬದಲು ವಾರಕ್ಕೆ ಎರಡು ತಾಸು ಬಂದು ಅವಳ ಜೊತೆ ಕುಳಿತರೆ ನಾನು ನಿದ್ದೆ ಮಾಡುತ್ತೇನೆ. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸುವವನಿಗೆ ತಾಳ್ಮೆ ಉಳಿಯುವುದು ನಿದ್ದೆಯಿಂದ, ಗುಣದಿಂದಲ್ಲ. ನಿದ್ದೆಗೆಟ್ಟ ದಿನಗಳಲ್ಲಿ ನಾನು ಅವಳ ಮೇಲೆ ಕೂಗಿದ್ದುಂಟು.

ಸರ್ಕಾರದ ಕಡೆಯಿಂದಲೂ ತಿಳಿಯಬೇಕಾದದ್ದಿದೆ. 1995ರ ಕಾಯ್ದೆಯಲ್ಲಿ ಅಂಗವೈಕಲ್ಯಗಳು ಏಳೇ ಇದ್ದವು. 2016ರ ಕಾಯ್ದೆಯಲ್ಲಿ 21 ಆದವು, ಅವುಗಳಲ್ಲಿ ಪಾರ್ಕಿನ್ಸನ್ ಒಂದು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆಯೆಂದು ಪ್ರಮಾಣಪತ್ರ ಸಿಕ್ಕರೆ ಅದಕ್ಕೆ ಸಂಬಂಧಿಸಿದ ಸೌಲಭ್ಯಗಳನ್ನು ಕೇಳಬಹುದು. ನಮಗೆ ಯಾರೂ ಹೇಳಿರಲಿಲ್ಲ. ನಿಮ್ಮ ಮನೆಗಳಲ್ಲಿ, ನೆರೆಹೊರೆಯಲ್ಲಿ ಇಂಥವರಿದ್ದರೆ ಹೇಳಿರಿ.

ಒಂದು ಬ್ಯಾಂಕಿನ ಮಾತು ಹೇಳಿ ನಿಲ್ಲಿಸುತ್ತೇನೆ. ಈ ಕಾಯಿಲೆಯಲ್ಲಿ ಅಕ್ಷರ ಬರೆಬರೆಯುತ್ತ ಇರುವೆಯಷ್ಟು ಸಣ್ಣದಾಗುತ್ತದೆ. ಅವಳ ಸಹಿ ಹಳೆಯದಕ್ಕೆ ತಾಳೆಯಾಗುವುದಿಲ್ಲವೆಂದು ಕೌಂಟರಿನವರು ಹೆಬ್ಬೆಟ್ಟು ಒತ್ತಲು ಹೇಳಿದರು. ಏಳನೆಯ ತರಗತಿಗೆ ಶಾಲೆ ಬಿಡಿಸಿದರೂ ತನ್ನ ತವರಿನಲ್ಲಿ ಸಹಿ ಮಾಡಿದ ಮೊದಲ ಹೆಣ್ಣುಮಗಳು ಅವಳು. "ಒಲ್ಲೆ" ಎಂದಳು. ನಾನು, "ಒತ್ತಿಬಿಡು, ಕೆಲಸ ಮುಗೀತದ" ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಒಳಗಿನಿಂದ ಎದ್ದು ಬಂದ ಅಧಿಕಾರಿ ನನ್ನ ಶಿಷ್ಯನೇ. ಅವನು ಅವಳನ್ನೇ ಕೇಳಿದ: "ಅಮ್ಮಾರೆ, ಯಾವ ಹೊತ್ತಿಗೆ ನಿಮಗ ಕೈ ಆಡ್ತದ್ರಿ?" ಉತ್ತರ ಬರುವವರೆಗೆ ಬಾಗಿ ನಿಂತಿದ್ದ. ಹತ್ತರ ಗುಳಿಗೆ ಹಿಡಿಯುವವರೆಗೆ ಕುರ್ಚಿ ಹಾಕಿಸಿ ಕೂಡಿಸಿದ. ಅಗಲವಾಗಿ ಬರೆಯಲು ಎರಡು ಗೆರೆ ಎಳೆದುಕೊಟ್ಟ. ಹತ್ತೂ ಮುಕ್ಕಾಲಿಗೆ ಅವಳು ಸಹಿ ಮಾಡಿದಳು, ಕೊನೆಯ ಅಕ್ಷರ ಮಾತ್ರ ಗೆರೆ ದಾಟಿತ್ತು. ಅದೇ ಹೊಸ ಸಹಿಯೆಂದು ಅವರ ದಾಖಲೆಗೆ ಸೇರಿತು.

ಇದನ್ನು ಬರೆಯುವ ಮುನ್ನ ಬಿದ್ದ ಸಂಗತಿಯನ್ನು ಬರೆಯಲೇ ಎಂದು ಅವಳನ್ನು ಕೇಳಿದ್ದೆ. ಬಹಳ ಹೊತ್ತಿನ ಮೇಲೆ, "ಬಸ್ ತಡ ಬಂತು ಅನ್ನೋದೂ ಬರೀರಿ" ಎಂದಳು. ಎರಡರ ಗುಳಿಗೆಯ ಹೊತ್ತಾಯಿತು, ಏಳುತ್ತೇನೆ.