ಹನ್ನೊಂದು ಎರರ್, ಒಂದೇ ತಪ್ಪು

ರಜೆಗೆ ಊರಿಗೆ ಬಂದಿದ್ದ ಪಕ್ಕದ ಮನೆಯ ಹುಡುಗ ಲ್ಯಾಪ್‌ಟಾಪ್ ಹಿಡಿದು ನಮ್ಮ ಕಟ್ಟೆಗೆ ಬಂದ. ಯಲಬುರ್ಗಾ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ ಓದಿ ಈಗ ಕಂಪ್ಯೂಟರ್ ಡಿಪ್ಲೊಮಾ ಮಾಡುತ್ತಿದ್ದಾನೆ.

"ಅಣ್ಣ, ಹನ್ನೊಂದು ಎರರ್ ಬಂದಾವ. ಎಲ್ಲಾ ಅಳಿಸಿ ಗೆಳೆಯನ ರೆಕಾರ್ಡ್ ನೋಡಿ ಬರೀತೀನಿ."

"ತಡಿ. ಮೊದಲನೇ ಎರರ್ ಓದು."

"ಇಂಗ್ಲಿಷ್ ಐತಿ, ತಿಳಿಯಂಗಿಲ್ಲ."

"ಅಂಕಿ ತಿಳಿತಾವಲ್ಲ? ಅಷ್ಟೇ ಓದು."

ಫೈಲಿನ ಹೆಸರು, ಆಮೇಲೆ 10, ಆಮೇಲೆ 12. ಅಂದರೆ ಹತ್ತನೇ ಸಾಲು, ಹನ್ನೆರಡನೇ ಅಕ್ಷರ. ಹತ್ತನೇ ಸಾಲಿಗೆ ಹೋದೆವು. ಅಲ್ಲಿ ಏನೂ ತಪ್ಪಿಲ್ಲ. ಒಂದು ಸಾಲು ಮೇಲೆ ನೋಡಿದರೆ ಬೇಡದ ಒಂದು ಆವರಣ ಚಿಹ್ನೆ ಕುಳಿತಿತ್ತು. ಅದನ್ನು ತೆಗೆದ ಮೇಲೆ ಹನ್ನೊಂದೂ ಎರರ್ ಹೋದವು.

ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ಬದಲಿಸುವುದು ಕಂಪೈಲರ್. ಅದು ಒಂದು ಕಡೆ ದಾರಿ ತಪ್ಪಿದರೆ ಮುಂದಿನ ಸರಿ ಸಾಲುಗಳನ್ನೂ ತಪ್ಪು ಎನ್ನುತ್ತದೆ. ಗಂಗಾವತಿ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಡದಂಡೆ ಕಾಲುವೆ ಮೇಲ್ಭಾಗದಲ್ಲಿ ಒಡೆದರೆ ಕೊನೆಭಾಗದ ಹೊಲಗಳೆಲ್ಲ ಒಣಗುತ್ತವೆ. ಒಂದೊಂದು ಹೊಲಕ್ಕೆ ಓಡಾಡಿ ಉಪಯೋಗವಿಲ್ಲ, ಒಡೆದ ಜಾಗಕ್ಕೆ ಹೋಗಬೇಕು.

ಆ ಜಾಗಕ್ಕೆ ಹೋಗಲು ಸಾಲು ಎಣಿಸುವ ಕಷ್ಟವೂ ಇಲ್ಲ. ಪ್ರೋಗ್ರಾಂ ಬರೆಯುವ ಎಡಿಟರ್ರೇ ಕರೆದೊಯ್ಯುತ್ತದೆ. 1983ರಲ್ಲಿ ಬಂದ ಟರ್ಬೊ ಪ್ಯಾಸ್ಕಲ್ಲೇ ತಪ್ಪು ಸಿಕ್ಕ ಜಾಗದಲ್ಲಿ ಕರ್ಸರ್ ತಂದು ನಿಲ್ಲಿಸುತ್ತಿತ್ತು. ಇಂದಿನ ವಿಎಸ್ ಕೋಡ್‌ನಲ್ಲಿ ಸಿ ಭಾಷೆಯ ಎಕ್ಸ್‌ಟೆನ್ಷನ್ ಹಾಕಿದ್ದರೆ ಎಫ್8 ಕೀ ಒತ್ತಿದರೆ ಸಾಕು, ಮುಂದಿನ ತಪ್ಪಿಗೆ ಜಿಗಿಯುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನ ಟರ್ಮಕ್ಸ್ ಆ್ಯಪ್‌ನಲ್ಲಿ ವಿಮ್, ಕ್ಲ್ಯಾಂಗ್, ಮೇಕ್ ಮೂರನ್ನೂ ಹಾಕಿಕೊಳ್ಳಬಹುದು. ವಿಮ್ ಒಳಗೆ ಕೋಲನ್ ಒತ್ತಿ 'ಮೇಕ್' ಎಂದು, ಪಕ್ಕದಲ್ಲಿ ಪ್ರೋಗ್ರಾಂ ಹೆಸರನ್ನು ಬರೆದರೆ ಮೊದಲ ತಪ್ಪಿನ ಮೇಲೆ ನಿಲ್ಲುತ್ತದೆ. ಮುಂದಿನದಕ್ಕೆ ಕೋಲನ್, ಸಿ, ಎನ್. ಎಲ್ಲ ತಪ್ಪುಗಳ ಪಟ್ಟಿ ಬೇಕಿದ್ದರೆ ಕೋಲನ್ ಜೊತೆ 'ಕೋಪನ್'.

ಇದನ್ನು ಕಲಿಸಲು ಹತ್ತು ನಿಮಿಷ ಸಾಕು. ಆದರೂ ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಲ್ಯಾಬ್‌ನಲ್ಲಿ ಸರಿಯಾದ ಪ್ರೋಗ್ರಾಂ ಬೋರ್ಡಿನ ಮೇಲೆ ಬರೆಸುತ್ತಾರೆ, ಮಕ್ಕಳು ನಕಲು ಮಾಡುತ್ತಾರೆ, ರೆಕಾರ್ಡಿಗೆ ಸಹಿ ಬೀಳುತ್ತದೆ. ತಪ್ಪು ಬಂದಾಗ ಏನು ಮಾಡಬೇಕು ಎಂಬ ಪಾಠವೇ ಇಲ್ಲ. ಹೀಗಾಗಿ ಕೊಪ್ಪಳ, ಕುಷ್ಟಗಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಕೆಂಪು ಅಕ್ಷರದ ಇಂಗ್ಲಿಷ್ ಕಂಡ ಕೂಡಲೇ 'ಇದು ನಮಗಲ್ಲ' ಎಂದು ಕೈಬಿಡುತ್ತಾರೆ. ಅವರು ಸೋಲುವುದು ಲೆಕ್ಕದಲ್ಲಿ ಅಲ್ಲ, ಹೆದರಿಕೆಯಲ್ಲಿ.

ಭಾಷೆಯ ಅಡ್ಡಿ ಸುಳ್ಳಲ್ಲ. ಹೆಚ್ಚು ಬಳಕೆಯಲ್ಲಿರುವ ಜಿಸಿಸಿ ಕಂಪೈಲರ್ ಫ್ರೆಂಚ್, ಜಪಾನಿ, ವಿಯೆಟ್ನಾಮಿ ಭಾಷೆಗಳಲ್ಲೂ ತಪ್ಪು ಹೇಳುತ್ತದೆ. ಕನ್ನಡದಲ್ಲಿ ಹೇಳುವುದಿಲ್ಲ. ಅದು ಮುಕ್ತ ತಂತ್ರಾಂಶ; ಅನುವಾದಕ್ಕೆ ಬಾಗಿಲು ತೆರೆದೇ ಇದೆ. ಅಲ್ಲಿಯವರೆಗೆ ಕಾಯುವುದೂ ಬೇಕಿಲ್ಲ. ಪದೇ ಪದೇ ಬರುವ ಹತ್ತು ಎರರ್‌ಗಳಿಗೆ ಕನ್ನಡದಲ್ಲಿ ಅರ್ಥ ಬರೆದು ಲ್ಯಾಬ್ ಗೋಡೆಗೆ ಅಂಟಿಸಲಿ. ಮೊದಲ ದಿನವೇ ಮೇಷ್ಟ್ರು ಬೇಕೆಂದೇ ಒಂದು ತಪ್ಪು ಬರೆದು, ಅದನ್ನು ಹುಡುಕುವುದು ಹೇಗೆ ಎಂದು ತೋರಿಸಲಿ.

ಮನೆಯವರೂ ಒಂದು ಕೆಲಸ ಮಾಡಬಹುದು, ಅದಕ್ಕೆ ಕಂಪ್ಯೂಟರ್ ಗೊತ್ತಿರಬೇಕಿಲ್ಲ. ಮಗ ಅಥವಾ ಮಗಳು 'ಎರರ್ ಬಂತು' ಎಂದು ತಲೆ ಹಿಡಿದು ಕುಳಿತರೆ ಬೈಯಬೇಡಿ. "ಎಷ್ಟನೇ ಸಾಲಿನ್ಯಾಗ ಬಂದೈತಿ?" ಎಂದು ಕೇಳಿ. ಉತ್ತರ ಹುಡುಕಲು ಅವರು ಆ ಸಾಲಿಗೆ ಹೋಗಲೇಬೇಕಾಗುತ್ತದೆ.