ವಿಳಾಸ ಪೂರ್ತಿ ಬರೆದರೆ ಮನೆ ಸಿಗುತ್ತದೆ

ಆರ್.ಟಿ. ನಗರದಲ್ಲಿ ಒಂದನೇ ಅಡ್ಡರಸ್ತೆ ಇದೆ. ಯಲಹಂಕ ಉಪನಗರದಲ್ಲೂ ಇದೆ. ಲಕೋಟೆಯ ಮೇಲೆ ಬರೀ ‘ಒಂದನೇ ಅಡ್ಡರಸ್ತೆ, ಬೆಂಗಳೂರು’ ಎಂದು ಬರೆದು ಅಂಚೆ ಡಬ್ಬಕ್ಕೆ ಹಾಕಿದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ಅದಕ್ಕೇ ನಾವು ಬಡಾವಣೆ, ಮುಖ್ಯರಸ್ತೆ, ಅಡ್ಡರಸ್ತೆ, ಮನೆ ನಂಬರು ಎಂದು ಎಲ್ಲವನ್ನೂ ಬರೆಯುತ್ತೇವೆ. 1972ರ ಆಗಸ್ಟ್ 15ರಿಂದ ಪಿನ್ ಕೋಡೂ ಸೇರಿಕೊಂಡಿತು. ವೆಬ್ ಪುಟದ ಒಳಗೂ ವಿಳಾಸದ ಕಥೆ ಹೀಗೇ. ನಾನು ಇದನ್ನು ಕಲಿತದ್ದು ಮಾತ್ರ ಪೆಟ್ಟು ತಿಂದ ಮೇಲೆ.

ಪಾಲಕರ ಸಭೆಗೆಂದು ಇಬ್ಬರು ವಿದ್ಯಾರ್ಥಿಗಳ ಜೊತೆ ಕುಳಿತು ಒಂದು ಪುಟ ತಯಾರಿಸಿದ್ದೆ. ಅದರಲ್ಲಿ ಎರಡು ಪಟ್ಟಿ: ಕಿರುಪರೀಕ್ಷೆಯಲ್ಲಿ ತೇರ್ಗಡೆಯಾದವರು, ಮತ್ತೆ ಬರೆಯಬೇಕಾದವರು. ಎರಡನೆಯ ಪಟ್ಟಿಯಲ್ಲಿ ಪ್ರತಿ ಹೆಸರಿನ ಕೆಳಗೆ ಮತ್ತೆ ಬರೆಯಬೇಕಾದ ವಿಷಯಗಳ ಚಿಕ್ಕ ಪಟ್ಟಿ. ಆ ಹೆಸರುಗಳು ಕೆಂಪಾಗಿ ಕಾಣಲಿ ಎಂದವನು ನಾನೇ. ಸಭೆಯಲ್ಲಿ ಪರದೆಯ ಮೇಲೆ ಪುಟ ತೆರೆದರೆ ತರಗತಿಯ ಎಲ್ಲ ಹೆಸರೂ ಕೆಂಪು! ತೊಂಬತ್ತರ ಮೇಲೆ ಅಂಕ ತೆಗೆದಿದ್ದ ಹುಡುಗಿಯ ತಾಯಿ ಮಗಳತ್ತ ತಿರುಗಿ ನೋಡಿದ ನೋಟ ನನಗಿನ್ನೂ ಮರೆತಿಲ್ಲ.

ಆದದ್ದೇನು? ವೆಬ್ ಪುಟವೆಂದರೆ ಡಬ್ಬಿಯೊಳಗೆ ಡಬ್ಬಿ. ಪಟ್ಟಿಗೆ ‘ಯುಎಲ್’ ಎಂಬ ಗುರುತು, ಪಟ್ಟಿಯ ಒಂದೊಂದು ಸಾಲಿಗೆ ‘ಎಲ್‌ಐ’ ಎಂಬ ಗುರುತು. ಬ್ರೆಂಡನ್ ಐಕ್ 1995ರಲ್ಲಿ ರೂಪಿಸಿದ ಜಾವಾಸ್ಕ್ರಿಪ್ಟ್ ಭಾಷೆಗೆ, ಬೇಕಾದ ಡಬ್ಬಿಯನ್ನು ಹುಡುಕಲು ಈಗ ‘ಕ್ವೆರಿಸೆಲೆಕ್ಟರ್’ ಎಂಬ ಆಜ್ಞೆ ಇದೆ. ಅದು ಮೊದಲು ಸಿಕ್ಕಿದ ಒಂದನ್ನು ಮಾತ್ರ ಕೊಡುತ್ತದೆ. ಏನೂ ಸಿಗದಿದ್ದರೆ ‘ನಲ್’, ಅಂದರೆ ಶೂನ್ಯ. ‘ಕ್ವೆರಿಸೆಲೆಕ್ಟರ್‌ಆಲ್’ ಆದರೋ ಸಿಕ್ಕಿದ್ದೆಲ್ಲವನ್ನೂ ಕೊಡುತ್ತದೆ. ನಾವು ಈ ಎರಡನೆಯದಕ್ಕೆ ಬರೀ ‘ಎಲ್‌ಐ’ ಎಂದಷ್ಟೇ ಹೇಳಿದ್ದೆವು. ಅದು ಪಾಪ, ಇಡೀ ಪುಟದ ಎಲ್‌ಐಗಳನ್ನೆಲ್ಲ ತಂದು ಮುಂದಿಟ್ಟಿತು. ಬಡಾವಣೆಯ ಹೆಸರನ್ನೇ ಬರೆಯದ ತಪ್ಪು ನಮ್ಮದು.

ಮಾರನೆಯ ದಿನ ಎರಡನೆಯ ಪಟ್ಟಿಗೆ ‘ರೀಟೆಸ್ಟ್’ ಎಂಬ ಐಡಿ ಕೊಟ್ಟೆವು. ಐಡಿ ಎಂದರೆ ಪುಟದಲ್ಲಿ ಒಬ್ಬರಿಗೇ ಮೀಸಲಾದ ಹೆಸರು. ಕರೆಯುವಾಗ ಮುಂದೆ # ಗುರುತು ಹಾಕಬೇಕು. ‘#ರೀಟೆಸ್ಟ್ ಎಲ್‌ಐ’ ಎಂದು ನಡುವೆ ತೆರಪು ಬಿಟ್ಟು ಬರೆದರೆ, ಆ ಪಟ್ಟಿಯೊಳಗೆ ಎಷ್ಟೇ ಆಳದಲ್ಲಿರುವ ಎಲ್‌ಐ ಆದರೂ ಸರಿ ಎಂದರ್ಥ. ಬಣ್ಣ ಸರಿಹೋಯಿತು. ಆದರೆ ಕೆಳಗೆ ‘ಒಟ್ಟು ವಿದ್ಯಾರ್ಥಿಗಳು 7’ ಎಂದು ಬಂತು. ಇದ್ದವರು ಮೂವರೇ! ಮೂರು ಹೆಸರಿನ ಜೊತೆ ಒಳಗಿನ ನಾಲ್ಕು ವಿಷಯಗಳೂ ಎಣಿಕೆಗೆ ಸೇರಿದ್ದವು. ಆಮೇಲೆ ‘#ರೀಟೆಸ್ಟ್ > ಎಲ್‌ಐ’ ಎಂದು ಬರೆದೆವು. > ಗುರುತಿನ ಅರ್ಥ: ನೇರ ಮಕ್ಕಳು ಸಾಕು, ಮೊಮ್ಮಕ್ಕಳು ಬೇಡ. ಲೆಕ್ಕ ಮೂರಕ್ಕೆ ಬಂದು ನಿಂತಿತು.

ನೀವೂ ಮಾಡಿ ನೋಡಿ. ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದ ‘ಯಲಹಂಕ’ ಪುಟ ತೆರೆದು ಎಫ್12 ಒತ್ತಿ, ‘ಕನ್ಸೋಲ್’ಗೆ ಹೋಗಿ. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪು ಮಾಡಬೇಕು. ಕೊಂಡಿಗಳ ಗುರುತು ‘ಎ’. ಮೊದಲು ಇಡೀ ಪುಟದ ‘ಎ’ಗಳನ್ನು ಎಣಿಸಿ. ಆಮೇಲೆ ಲೇಖನದ ಭಾಗಕ್ಕಿರುವ ‘ಎಂಡಬ್ಲ್ಯು-ಕಂಟೆಂಟ್-ಟೆಕ್ಸ್ಟ್’ ಎಂಬ ಐಡಿಯನ್ನು ಮುಂದೆ ಸೇರಿಸಿ ಎಣಿಸಿ. ಸಂಖ್ಯೆ ಏಕೆ ಇಳಿಯಿತು? ಉತ್ತರವನ್ನು ಅಪ್ಪ ಅಮ್ಮನಿಗೆ ಬಾಯಲ್ಲಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದು ಲೆಕ್ಕ.

ಇನ್ನೊಂದು ಮಾತು. ಸರಿಪಡಿಸಿದ ಪುಟವನ್ನು ಮತ್ತೆ ಪರದೆಗೆ ಹಾಕಲು ಹೊರಟಾಗ ಇಬ್ಬರಲ್ಲಿ ಒಬ್ಬ ಹುಡುಗ ಕೇಳಿದ: “ಸಾರ್, ಆ ಮೂರು ಜನರ ಹೆಸರು ಎಲ್ಲರ ಮುಂದೆ ತೋರಿಸಲೇಬೇಕಾ?” ನನ್ನ ಬಳಿ ಉತ್ತರವಿರಲಿಲ್ಲ. ಕೆಂಪು ಪಟ್ಟಿಯನ್ನು ಪುಟದಿಂದಲೇ ತೆಗೆದೆವು. ಆ ಹುಡುಗಿಯ ತಾಯಿಗೆ ಫೋನು ಮಾಡಿ, ತಪ್ಪು ನನ್ನದೆಂದು ಹೇಳಿದೆ. ಉಳಿದ ಮೂರು ಮನೆಗೆ ಕಾಗದ ಹಾಕಿದೆ, ವಿಳಾಸ ಪೂರ್ತಿ ಬರೆದು.