ಹಳೆಯ ನಗೆಗೆ ಹೊಸ ತೆರೆ

ಈ ಸಲದ ರಥಸಪ್ತಮಿಯ ಜಾತ್ರೆಗೆ ನಾನು ಹೇಮಗಿರಿಗೆ ಹೋಗಿದ್ದೆ. ಕಲ್ಯಾಣ ವೆಂಕಟರಮಣನ ದರ್ಶನ ಮುಗಿಸಿ, ದನಗಳ ಸಾಲಿನ ನಡುವೆ ಒಂದಷ್ಟು ಹೊತ್ತು ಅಡ್ಡಾಡಿ, ಹೇಮಾವತಿಯ ಅಣೆಕಟ್ಟೆಯ ಬಳಿ ನೆರಳು ನೋಡಿ ಕುಳಿತೆ. ಸಂಗಡ ನಿವೃತ್ತ ಹಿಂದಿ ಪಂಡಿತರೊಬ್ಬರಿದ್ದರು. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾನು ಅವರೊಡನೆ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆನಾದುದರಿಂದ ನಮ್ಮಿಬ್ಬರಿಗೆ ಹಳೆಯ ಸಲಿಗೆ. ಅಷ್ಟರಲ್ಲಿ ಕೃಷ್ಣರಾಜಪೇಟೆಯ ಕಡೆಯ ಕಾಲೇಜು ವಿದ್ಯಾರ್ಥಿಗಳು ನಾಲ್ವರು ಪಂಡಿತರನ್ನು ಗುರುತಿಸಿ ಬಂದು ಕುಳಿತರು. ಅವರ ವಿದ್ಯಾರ್ಥಿನಿಲಯದಲ್ಲಿ ತಿಂಗಳಿಗೊಂದು ಭಾನುವಾರ ಎಲ್ಲರೂ ಕೂಡಿ ಒಂದು ಚಲಚ್ಚಿತ್ರ ನೋಡುವ ವಾಡಿಕೆಯಂತೆ. ಈ ಸಲ ಯಾರೋ 'ಚಲಾ ಮುಸದ್ದಿ ಆಫೀಸ್ ಆಫೀಸ್' ಎಂಬ ಹಿಂದಿ ಚಿತ್ರದ ಹೆಸರು ಸೂಚಿಸಿದ್ದರು. ಹಳೆಯ ದೂರದರ್ಶನ ಧಾರಾವಾಹಿಯೊಂದನ್ನು ಬೆಳೆಸಿ ಮಾಡಿದ ಚಿತ್ರ ಅದು.

"ಸಾ, ಧಾರಾವಾಹಿ ಚೆನ್ನಾಗಿತ್ತಂತೆ, ಸಿನಿಮಾ ಸಪ್ಪೆಯಂತೆ. ನೋಡಿದ್ರೆ ಒಂದು ಭಾನುವಾರ ದಂಡ ಆಯ್ತದಾ?" ಎಂದು ಅವರಲ್ಲೊಬ್ಬ ಕೇಳಿದ.

"ದಂಡವೇ ಸರಿ. ಒಮ್ಮೆ ನಕ್ಕ ನಗೆಯನ್ನು ಮತ್ತೆ ಒಲೆಯ ಮೇಲಿಟ್ಟರೆ ರುಚಿ ಉಳಿಯುವುದಿಲ್ಲ" ಎಂದು ನಾನು ತೀರ್ಪು ಕೊಟ್ಟೆ. ಹುಡುಗರು ತಲೆಯಾಡಿಸಿ ಹೊರಟುಹೋದರು.

ಹಿಂದಿರುಗುವ ಬಸ್ಸಿನಲ್ಲಿ ಪಂಡಿತರು ಮೆಲ್ಲನೆ ಕೇಳಿದರು: "ಸ್ವಾಮಿ, ಆ ಚಿತ್ರವನ್ನು ನೀವು ನೋಡಿದ್ದೀರಾ?"

ನೋಡಿರಲಿಲ್ಲ.

"ಮತ್ತೆ ಹುಡುಗರಿಗೆ ಹಾಗೇಕೆ ಹೇಳಿದಿರಿ? ಮುದ್ದೆಗೆ ನಿನ್ನೆಯ ಬಸ್ಸಾರು ಎಷ್ಟು ರುಚಿಯೆಂದು ಈ ಸೀಮೆಯಲ್ಲಿ ಹುಟ್ಟಿದ ನಿಮಗೆ ನಾನು ಹೇಳಬೇಕೆ?"

ಪುಸ್ತಕವನ್ನು ಓದದೆ ವಿಮರ್ಶೆ ಬರೆಯುವವರನ್ನು ಈ ಪುಟದಲ್ಲಿಯೇ ನಾನು ಅನೇಕ ಸಲ ಆಕ್ಷೇಪಿಸಿದ್ದುಂಟು. ಈಗ ನಾನೇ ಆ ತಪ್ಪಿಗೆ ಸಿಕ್ಕಿಬಿದ್ದಿದ್ದೆ. ಇಂದಿನ ಮಾತು ಒಂದು ರೀತಿಯಲ್ಲಿ ಆ ತಪ್ಪಿನ ಪ್ರಾಯಶ್ಚಿತ್ತ. ಹಳೆಯ ದೂರದರ್ಶನದ ಹಾಸ್ಯವನ್ನು ಚಲಚ್ಚಿತ್ರವಾಗಿ ಮತ್ತೆ ಮಾಡಿದರೆ ಅದನ್ನು ನೋಡುವುದರಿಂದ ಪ್ರಯೋಜನವುಂಟೆ ಎಂಬ ಪ್ರಶ್ನೆಯನ್ನು ಈ ಸಲ ಸಾವಧಾನವಾಗಿ ವಿಚಾರಿಸೋಣ.

ಮೊದಲು ನನ್ನ ಪೂರ್ವಗ್ರಹದ ಮೂಲವನ್ನು ಒಪ್ಪಿಕೊಳ್ಳುವೆ. 1987ರ ಸುಮಾರಿನಲ್ಲಿ ನಮ್ಮ ಹಳ್ಳಿಗೆಲ್ಲ ಇದ್ದದ್ದು ಒಂದೇ ದೂರದರ್ಶನ ಪೆಟ್ಟಿಗೆ. ಅದರ ಮುಂದೆ ಕುಳಿತು ನಾವು ಶಂಕರ್ ನಾಗ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ನೋಡಿದೆವು. ಅದರ ಮಾತೆಲ್ಲ ಹಿಂದಿ. ನಮ್ಮ ಅಜ್ಜಿಗೆ ಆ ಭಾಷೆಯ ಒಂದು ಶಬ್ದವೂ ತಿಳಿಯದು. ಆದರೂ ಮಾಸ್ಟರ್ ಮಂಜುನಾಥನ ಸ್ವಾಮಿ ಹಣೆ ನೆರಿಗೆ ಮಾಡಿದನೆಂದರೆ, ಮುಂದೆ ಬರುವ ಪೇಚಾಟವನ್ನು ಬಲ್ಲವಳಂತೆ, ಎಲ್ಲರಿಗಿಂತ ಮೊದಲು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆ ನಗೆಗೆ ಸರಿಸಾಟಿ ಯಾವ ಹೊಸ ತೆರೆಯಲ್ಲಿಯೂ ದೊರೆಯದೆಂದು ನಾನು ಬಹುಕಾಲ ನಂಬಿದ್ದೆ. ನಾನು ಕಾಪಾಡಿಕೊಳ್ಳುತ್ತಿದ್ದುದು ಧಾರಾವಾಹಿಯನ್ನಲ್ಲ, ಅಜ್ಜಿಯ ಬದಿಯ ಆ ಸ್ಥಳವನ್ನು.

ಆದರೆ ನಾವು ಮೂಲವೆಂದು ಆರಾಧಿಸಿದ ಆ ಧಾರಾವಾಹಿಯೇ ಒಂದು ಮರುಸೃಷ್ಟಿ. 'ಸ್ವಾಮಿ ಮತ್ತು ಅವನ ಸ್ನೇಹಿತರ' ಕಥೆಯನ್ನು ಆರ್. ಕೆ. ನಾರಾಯಣರು 1935ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಅರ್ಧ ಶತಮಾನ ಕಳೆದ ಮೇಲೆ ಅದೇ ಕಥೆ ಹಿಂದಿಯ ಮಾತು ಪಡೆದು, ಕನ್ನಡದ ನಟರ ಮೈಯಲ್ಲಿ ಸೇರಿ, ಮಲೆನಾಡಿನ ಆಗುಂಬೆಯ ಬೀದಿಗಳಲ್ಲಿ ನಡೆದಾಡಿತು. ಎಲ್. ವೈದ್ಯನಾಥನ್ ಅವರ ಸಂಗೀತವೂ ಆರ್. ಕೆ. ಲಕ್ಷ್ಮಣರ ರೇಖೆಗಳೂ ಅದಕ್ಕೆ ಹೊಸ ಉಸಿರು ಕೊಟ್ಟವು. ಮರಳಿ ಮಾಡುವುದೇ ದೋಷವೆಂದಾದರೆ ನಮ್ಮ ಅಜ್ಜಿ ನಕ್ಕದ್ದೂ ದೋಷವಾಗಬೇಕು. ಆದಕಾರಣ, ಮರಳಿ ಮಾಡಬಹುದೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಮರಳಿ ಮಾಡಿದವನು ಏನನ್ನು ಹೊಸದಾಗಿ ಕಂಡನು ಎಂದು ಕೇಳಬೇಕು.

ಹಾಗೆಂದು ಕಷ್ಟವಿಲ್ಲವೆಂದಲ್ಲ. ಭರತಮುನಿ ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಹಲ್ಲು ತೋರದ ಮುಗುಳುನಗೆಯಿಂದ ಮೊದಲಾಗಿ, ಕಣ್ಣಲ್ಲಿ ನೀರು ಬರುವ, ಪಕ್ಕೆ ಹಿಡಿದುಕೊಳ್ಳುವ ಅಬ್ಬರದವರೆಗೆ ಇದು ಏರುತ್ತದೆ. ಮನೆಯ ಪಡಸಾಲೆಯಲ್ಲಿ ನಾಲ್ಕೈದು ಮಂದಿ ಕುಳಿತು ನೋಡುವ ಧಾರಾವಾಹಿಗೆ ಸ್ಮಿತ, ಹಸಿತಗಳೇ ಸಾಕು. ಅದು ವಾರ ವಾರವೂ ಬರುವ ನೆಂಟ. ಬಂದ ಕೂಡಲೇ ನಗಿಸಬೇಕೆಂಬ ಆತುರ ಅದಕ್ಕಿಲ್ಲ. ನೂರಾರು ಜನ ಹಣ ಕೊಟ್ಟು ಕುಳಿತ ಚಿತ್ರಮಂದಿರದಲ್ಲಾದರೋ ನಿರ್ಮಾಪಕನಿಗೆ ಅತಿಹಸಿತವೇ ಬೇಕು. ಸಣ್ಣ ನಗೆಗೆಂದು ಹುಟ್ಟಿದ ಪಾತ್ರವನ್ನು ದೊಡ್ಡ ನಗೆಗೆ ಹಿಗ್ಗಿಸುವಾಗ ಅದರ ಹೊಲಿಗೆ ಬಿಚ್ಚುವ ಸಂಭವ ಹೆಚ್ಚು.

ಇನ್ನೊಂದು ಭೇದವೂ ಉಂಟು. ಧಾರಾವಾಹಿಯ ಹಾಸ್ಯಪಾತ್ರ ಏನನ್ನೂ ಕಲಿಯಕೂಡದು. ಈ ವಾರ ಜಾರಿ ಬಿದ್ದವನು ಮುಂದಿನ ವಾರವೂ ಅದೇ ಮೆಟ್ಟಲಲ್ಲಿ ಜಾರಬೇಕು. ಅವನು ಬದಲಾಗದಿರುವುದೇ ನಮಗೆ ನೆಮ್ಮದಿ. ಚಲಚ್ಚಿತ್ರಕ್ಕೆ ಆದಿಯೂ ಅಂತ್ಯವೂ ಬೇಕು. ಕೊನೆಯ ಹೊತ್ತಿಗೆ ಯಾರಾದರೂ ಬದಲಾಗಿರಬೇಕು. ಬ್ರಿಟನ್ನಿನ 'ಡ್ಯಾಡ್ಸ್ ಆರ್ಮಿ' ಇದಕ್ಕೆ ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಊರು ಕಾಯಲು ಹೊರಟ ಮುದುಕರ ದಂಡು, ಅದಕ್ಕೆ ನಾಯಕನಾದ ಡೌಲಿನ ಬ್ಯಾಂಕ್ ಮ್ಯಾನೇಜರು: ಇಷ್ಟೇ ಅದರ ಬಂಡವಾಳ. 1968ರಿಂದ 1977ರವರೆಗೆ 80 ಕಂತುಗಳು ಬಂದವು. ಶತ್ರು ಇಂದು ಬರುವನು, ನಾಳೆ ಬರುವನು ಎಂದು ಕಾಯುವುದರಲ್ಲಿಯೇ ನಗೆಯೆಲ್ಲ ಇತ್ತು. 1971ರಲ್ಲಿ ಅದೇ ನಟರನ್ನು ಕೂಡಿಸಿ ಒಂದು ಚಿತ್ರ ಮಾಡಿದರು. 2016ರಲ್ಲಿ ಹೊಸ ನಟರನ್ನು ಹಾಕಿ ಮತ್ತೊಂದು ಮಾಡಿದರು. ಕಥೆಗೊಂದು ಕೊನೆ ಬೇಕೆಂದು ಅದರಲ್ಲಿ ಗೂಢಚಾರಿಣಿಯೊಬ್ಬಳನ್ನು ತಂದರು. ನಟರು ಸಮರ್ಥರೇ. ಆದರೆ ಶತ್ರು ನಿಜವಾಗಿ ಬಂದುಬಿಟ್ಟಾಗ ಕಾಯುವಿಕೆಯ ಹಾಸ್ಯಕ್ಕೆ ನಿಲ್ಲಲು ನೆಲವಿಲ್ಲವಾಯಿತೆಂದು ನನಗೆ ತೋರುತ್ತದೆ.

ಹಾಗಾದರೆ ಒಂದು ಮಾಧ್ಯಮದ ನಗೆ ಇನ್ನೊಂದಕ್ಕೆ ದಾಟಲಾರದೆ? ನಮ್ಮ ಇತಿಹಾಸ ಹಾಗೆ ಹೇಳುವುದಿಲ್ಲ. ಗುಬ್ಬಿ ವೀರಣ್ಣನವರು ರಂಗದ ಮೇಲೆ ಕಳ್ಳನ ಪಾತ್ರದಿಂದ ನಾಡನ್ನೇ ನಗಿಸಿದ 'ಸದಾರಮೆ', ಕನ್ನಡ ವಾಕ್ಚಿತ್ರ ಇನ್ನೂ ತೊದಲುತ್ತಿದ್ದ 1935ರಲ್ಲಿಯೇ ತೆರೆಗೆ ಬಂದಿತು. ಅದಕ್ಕಿಂತ ಹತ್ತಿರದ ಉದಾಹರಣೆ ಹೇಮಾವತಿಯ ನೀರು ಕುಡಿದವರದೇ ಇದೆ. ಇದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ. ಎನ್. ಮೂರ್ತಿರಾಯರು ಫ್ರಾನ್ಸಿನ ಮೋಲಿಯೇರನ 'ತಾರ್ತೂಫ್' ಎಂಬ ಪ್ರಹಸನವನ್ನು 'ಆಷಾಢಭೂತಿ'ಯನ್ನಾಗಿ ಮಾಡಿದರು. 1664ರಲ್ಲಿ ಮೊದಲು ಆಡಿದ ಆ ನಾಟಕದ ಕಪಟ ಭಕ್ತನನ್ನು ಅವರು ಪ್ಯಾರಿಸಿನಿಂದ ಮೂಟೆ ಕಟ್ಟಿ ತರಲಿಲ್ಲ. ಅಂಥವನು ನಮ್ಮ ಮನೆಗೆ ಬಂದರೆ ಹೇಗೆ ಬಂದಾನು, ಯಾವ ಮಾತಾಡಿಯಾನು ಎಂದು ಯೋಚಿಸಿದರು. ಹೆಸರೇ ಇದಕ್ಕೆ ಸಾಕ್ಷಿ: ನಮ್ಮ ಜನ ಮೊದಲೇ ಬಲ್ಲ ಕಪಟಿಯ ಹೆಸರು ಅದು. ಮೂಲಕ್ಕೆ ನಿಷ್ಠನಾಗಿರುವುದೆಂದರೆ ಅದರ ಚೇಷ್ಟೆಗಳನ್ನು ಎಣಿಸಿ ಒಪ್ಪಿಸುವುದಲ್ಲ. ಅದು ಯಾವ ಸುಳ್ಳನ್ನು ನೋಡಿ ನಕ್ಕಿತೋ ಆ ಸುಳ್ಳನ್ನು ನಮ್ಮ ನಡುವೆ ಹುಡುಕಿ ತೆಗೆಯುವುದು.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಜಾತ್ರೆಯಿಂದ ಬಂದ ವಾರದಲ್ಲಿಯೇ ನಾನು ಆ ಚಿತ್ರವನ್ನು ನೋಡಿದೆ. 'ಆಫೀಸ್ ಆಫೀಸ್' ಧಾರಾವಾಹಿ 2001ರಲ್ಲಿ ಆರಂಭವಾದದ್ದು. ಪಂಕಜ್ ಕಪೂರ್ ಅಭಿನಯಿಸಿದ ಮುಸದ್ದಿಲಾಲ್ ಎಂಬ ಸಾಧು ಮನುಷ್ಯ ವಾರಕ್ಕೊಂದು ಕಚೇರಿಯ ಬಾಗಿಲು ತಟ್ಟುತ್ತಾನೆ. ಎಲ್ಲಿ ಹೋದರೂ ಮೇಜಿನ ಹಿಂದೆ ಅವೇ ಐದಾರು ಮುಖಗಳು. ಒಂದೇ ನಟವರ್ಗ ಎಲ್ಲ ಕಚೇರಿಗಳ ನೌಕರರನ್ನೂ ಆಡುತ್ತಿತ್ತು. ಕಚೇರಿ ಯಾವುದಾದರೇನು, ಮುಖ ಒಂದೇ ಎಂಬ ಕಹಿ ಸತ್ಯವನ್ನು ಆ ಪುನರಾವರ್ತನೆಯೇ ಹೇಳುತ್ತಿತ್ತು. ಅದೇ ನಟರು, ಅದೇ ನಿರ್ದೇಶಕರಾದ ರಾಜೀವ್ ಮೆಹ್ರಾ ಕೂಡಿ 2011ರಲ್ಲಿ ಚಿತ್ರ ಮಾಡಿದರು. ವಾರಕ್ಕೊಮ್ಮೆ ಬಂದಾಗ ಹಿತವಾಗಿದ್ದ ಚಮತ್ಕಾರ ಎರಡು ಗಂಟೆ ಒಂದೇ ಸಮನೆ ಬಂದಾಗ ಬೇಸರ ತಂದದ್ದು ನಿಜ. ಹುಡುಗರು ಕೇಳಿದ್ದ ಸಪ್ಪೆಯೆಂಬ ಮಾತು ಪೂರ್ತಿ ಸುಳ್ಳಲ್ಲ.

ಆದರೆ ಚಿತ್ರದ ನಡುವೆ ಒಂದು ಸಂಗತಿಯುಂಟು. ನಿವೃತ್ತ ಉಪಾಧ್ಯಾಯನಾದ ಮುಸದ್ದಿಲಾಲ್ ಪಿಂಚಣಿ ಕಚೇರಿಯ ಕಾಗದಗಳಲ್ಲಿ ಸತ್ತುಹೋಗಿದ್ದಾನೆ. ಕಚೇರಿಯವರ ಎದುರಿಗೆ ನಿಂತು ಮಾತಾಡುವ ಮನುಷ್ಯ, ತಾನು ಬದುಕಿರುವುದಕ್ಕೆ ಪುರಾವೆ ತರಬೇಕು! ಅಲ್ಲಿ ನಾನು ನಗುತ್ತ ನಗುತ್ತ ನಿಂತುಬಿಟ್ಟೆ. ಬಸ್ಸಿನಲ್ಲಿ ಪಂಡಿತರು ಹೇಳಿದ್ದು ನೆನಪಾಯಿತು. ವರ್ಷಕ್ಕೊಮ್ಮೆ ಅವರೂ ತಾವು ಬದುಕಿರುವುದನ್ನು ದೃಢಪಡಿಸಬೇಕು. 2014ರಲ್ಲಿ ಬೆರಳಿನ ಗುರುತಿನಿಂದ ಪ್ರಮಾಣ ನೀಡುವ 'ಜೀವನ ಪ್ರಮಾಣ' ವ್ಯವಸ್ಥೆ ಬಂದಿತಷ್ಟೆ. ಒಂದು ವರ್ಷ ಯಂತ್ರ ಅವರ ಬೆರಳನ್ನು ಒಪ್ಪಲಿಲ್ಲ. ಮೂರು ಸಲ ಹೋಗಿ ಬಂದರು. "ನಲವತ್ತು ವರ್ಷ ಬೋರ್ಡು ಒರೆಸಿದ ಕೈ, ಗೆರೆಯೆಲ್ಲ ಅಳಿಸಿಹೋಗಿದೆ ಸ್ವಾಮಿ" ಎಂದು ಅವರು ನಕ್ಕರು. ಆ ಚಿತ್ರವನ್ನು ಅವರು ಮಗನೊಡನೆ ನೋಡಿದ್ದರಂತೆ. ಅದನ್ನು ನೋಡುವವರೆಗೆ ಆ ಮೂರು ಪಯಣಗಳ ಮಾತನ್ನು ಮನೆಯಲ್ಲಿ ಎತ್ತಿರಲಿಲ್ಲವಂತೆ. ನೋಡಿದ ರಾತ್ರಿ ಮೊದಲ ಸಲ ಹೇಳಿ, ತಂದೆ ಮಕ್ಕಳಿಬ್ಬರೂ ನಕ್ಕರಂತೆ. ಧಾರಾವಾಹಿಯ ಒಂದು ಕಂತು ಇಂಥ ಗಾಯವನ್ನು ಮುಟ್ಟಿ ಮುಂದಿನ ವಾರಕ್ಕೆ ಮರೆಸಿಬಿಡುತ್ತದೆ. ಚಿತ್ರ ಅದರ ಬಳಿ ಹೆಚ್ಚು ಹೊತ್ತು ಕುಳಿತಿತು. ಅಷ್ಟರಮಟ್ಟಿಗೆ ಅದು ನಕಲಲ್ಲ, ನೋಡತಕ್ಕ ವಸ್ತು.

ನಮ್ಮ ಕನ್ನಡದ ಕಿರುತೆರೆಯ ಹಾಸ್ಯಗಾರರು ಈ ದಾಟುವಿಕೆಯನ್ನು ಬೇರೆ ಬೇರೆ ರೀತಿಯಲ್ಲಿ ಮಾಡಿದ್ದಾರೆ. 'ಪಾಪ ಪಾಂಡು' 2018ರಲ್ಲಿ ಮರಳಿ ಬಂದದ್ದು ಕಿರುತೆರೆಗೇ. ಅದರ ನಗೆ ಪಡಸಾಲೆಯದೆಂದು ಮಾಡಿದವರು ಬಲ್ಲರು. 'ಸಿಲ್ಲಿ ಲಲ್ಲಿ'ಯನ್ನು ನಿರ್ದೇಶಿಸಿದ ವಿಜಯಪ್ರಸಾದರು 2012ರಲ್ಲಿ 'ಸಿದ್ಲಿಂಗು' ಮಾಡುವಾಗ ಲಲಿತಾಂಬೆಯನ್ನಾಗಲಿ ಡಾಕ್ಟರ್ ವಿಠಲರಾಯರನ್ನಾಗಲಿ ಕರೆತರಲಿಲ್ಲ. ಹಳೆಯ ಕಾರೊಂದಕ್ಕೆ ಮನಸ್ಸು ಕೊಟ್ಟ ಹೊಸಬನೊಬ್ಬನನ್ನು ಸೃಷ್ಟಿಸಿದರು. ಕಿರುತೆರೆಯ 'ಕಾಮಿಡಿ ಕಿಲಾಡಿಗಳು' ಕಾರ್ಯಕ್ರಮದಲ್ಲಿ ಜನರನ್ನು ನಗಿಸಿದ ಶಿವರಾಜ್ ಕೆ. ಆರ್. ಪೇಟೆ 2020ರ 'ನಾನು ಮತ್ತು ಗುಂಡ' ಚಿತ್ರದಲ್ಲಿ ನಾಯಿಯೊಂದನ್ನು ಹಚ್ಚಿಕೊಂಡ ಆಟೋ ಚಾಲಕನಾಗಿ ನೋಡುವವರ ಕಣ್ಣು ತೇವಗೊಳಿಸಿದರು. ಇವರೆಲ್ಲ ಹಿಂದಿನ ಚಪ್ಪಾಳೆಯನ್ನು ಅಡವಿಟ್ಟು ಹೊಸ ಸಾಲ ತೆಗೆಯಲಿಲ್ಲ ಎಂಬುದು ಗಮನಿಸತಕ್ಕ ಮಾತು.

ಕೊನೆಗೆ, ಅಧ್ಯಾಪಕರಿಗೆ ಒಂದು ಮನವಿ. ನಮ್ಮ ದೂರದರ್ಶನದ ಆರಂಭಕಾಲದ 'ಸಿಹಿಕಹಿ', ರಮೇಶ್ ಭಟ್ಟರ 'ಕ್ರೇಜಿ ಕರ್ನಲ್' ಇವುಗಳ ಹೆಸರನ್ನು ನಾನು ಈಚೆಗೆ ಒಂದು ತರಗತಿಯಲ್ಲಿ ಎತ್ತಿದೆ. ಕೇಳಿದ್ದೇವೆಂದವರು ಒಬ್ಬರೂ ಇಲ್ಲ. 'ಸಿಹಿಕಹಿ ಚಂದ್ರು' ಎಂಬ ಹೆಸರು ಎಲ್ಲರಿಗೂ ಗೊತ್ತು, ಆ ಹೆಸರಿಗೆ ಕಾರಣವಾದ ಧಾರಾವಾಹಿ ಗೊತ್ತಿಲ್ಲ! ಮೂಲವನ್ನು ನೋಡಲು ಸಿಕ್ಕದಂತಾದರೆ ಮರುಸೃಷ್ಟಿಗೆ ಅರ್ಥವೇ ಇರದು. ಅದು ಮೂಲದ ಜಾಗವನ್ನು ಆಕ್ರಮಿಸಿಕೊಂಡಂತೆ ಆಗುತ್ತದೆ. ಹಳೆಯ ಕಂತುಗಳನ್ನು ಕಾಪಾಡುವುದೂ ದೊರೆಯುವಂತೆ ಇಡುವುದೂ ಹಳೆಯ ಗ್ರಂಥಗಳನ್ನು ಕಾಪಾಡುವಷ್ಟೇ ಗೌರವದ ಕೆಲಸ. ಚಿತ್ರ ತೋರಿಸುವ ಮುನ್ನ ಸಾಧ್ಯವಿದ್ದರೆ ಮೂಲದ ಒಂದು ಕಂತನ್ನು ತೋರಿಸಿರಿ. ಹೆಚ್ಚು ಕಡಿಮೆ ಅಳೆಯಲೆಂದಲ್ಲ. ಒಂದೇ ಮನುಷ್ಯನನ್ನು ಎರಡು ಕಾಲದಲ್ಲಿ ಕಾಣಲೆಂದು.

ಹೇಮಗಿರಿಯಲ್ಲಿ ಸಿಕ್ಕ ವಿದ್ಯಾರ್ಥಿಗಳಿಗೆ ಈಗ ನನ್ನ ಉತ್ತರವನ್ನು ತಿದ್ದಿ ಹೇಳುತ್ತೇನೆ: ಚಿತ್ರವನ್ನು ನೋಡಿರಿ. ಕೆಲವು ಕಡೆ ಬೇಸರವಾದೀತು, ಆಗ ಎದ್ದುಹೋಗಬೇಡಿರಿ. ಆ ಉಪಾಧ್ಯಾಯ ತಾನು ಬದುಕಿದ್ದೇನೆಂದು ಹೇಳುವ ಹೊತ್ತಿಗೆ ನಿಮಗೆ ನಗು ಬಂದಿತೋ, ಬಂದ ನಗು ನಿಂತಿತೋ ಎಂಬುದನ್ನು ನಿಮ್ಮ ಪಂಡಿತರಿಗೆ ಒಂದು ಕಾಗದ ಬರೆದು ತಿಳಿಸಿರಿ. ಅವರು ಕಾದಿರುತ್ತಾರೆ.